ಮರೆಯಾದ ಕೃತಿಯನ್ನು ಪತ್ತೆಹಚ್ಚುವ ಕ್ರಮ: 1940–1965ರ ಚಿತ್ರಕಲೆ, ಸಾಹಿತ್ಯ, ಸಿನಿಮಾಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಇಪ್ಪತ್ತನೆಯ ಶತಮಾನದ ನಡುಗಾಲದ ಕಾದಂಬರಿಯನ್ನೋ ಚಿತ್ರಪಟವನ್ನೋ ಸಿನಿಮಾವನ್ನೋ ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಒಂದೇ ಜಾಗದಲ್ಲಿ. ಎಲ್ಲೋ ಕೇಳಿದ ಹೆಸರನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಏನೂ ಸಿಗದಿದ್ದರೆ ಕೃತಿ ನಾಶವಾಗಿದೆ ಎಂದುಕೊಳ್ಳುತ್ತಾರೆ, ಏನಾದರೂ ಸಿಕ್ಕರೆ ಅದೇ ಆ ಕೃತಿಯೆಂದು ನಂಬಿಬಿಡುತ್ತಾರೆ. ಈ ಎರಡು ತೀರ್ಮಾನಗಳೂ ಬಹುಪಾಲು ತಪ್ಪಾಗಿರುತ್ತವೆ, ಏಕೆಂದರೆ ಎರಡರಲ್ಲಿಯೂ ಕೃತಿಯ ಗುರುತು ಖಚಿತವಾಗುವ ಮೊದಲೇ ಪ್ರತಿಯ ಹುಡುಕಾಟ ನಡೆದಿರುತ್ತದೆ. ಆ ಕಾಲದ ಸಾಕ್ಷ್ಯ ಮೊದಲು, ಗುರುತು ಆಮೇಲೆ, ಪ್ರತಿ ಅದರ ನಂತರ, ಪ್ರತಿಯ ಪರೀಕ್ಷೆ ಕೊನೆಗೆ: ಕೆಳಗಿನ ಹಂತಗಳು ಈ ಕ್ರಮದಲ್ಲಿಯೇ ಇವೆ, ಮತ್ತು ಇವುಗಳನ್ನು ಹಿಂದುಮುಂದು ಮಾಡದಿರುವುದು ಒಳ್ಳೆಯದು.

## ಮೊದಲು ಜೋಡಿಸಿಕೊಳ್ಳಬೇಕಾದ ಸಲಕರಣೆಗಳು

ದೊಡ್ಡ ಖರ್ಚಿನ ಯಾವ ವಸ್ತುವೂ ಬೇಕಾಗಿಲ್ಲ. ಒಂದು ದಾಖಲೆ ಹಾಳೆ (ಪುಸ್ತಕವಾದರೂ ಸರಿ, ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಆದರೂ ಸರಿ), ಸೀಸದ ಕಡ್ಡಿ, ಅಳತೆಪಟ್ಟಿ, ಭೂತಗನ್ನಡಿ ಮತ್ತು ಫ್ಲ್ಯಾಶ್ ಆರಿಸಬಹುದಾದ ಕ್ಯಾಮೆರಾ ಇದ್ದರೆ ಸಾಕು. ಸೀಸದ ಕಡ್ಡಿಯೇ ಬೇಕೆಂದು ಹೇಳುವುದಕ್ಕೆ ಕಾರಣವಿದೆ: ಹಳೆಯ ಕಾಗದಗಳನ್ನು ಇಟ್ಟಿರುವ ಬಹುತೇಕ ಸಂಗ್ರಹಾಗಾರಗಳ ವಾಚನ ಕೊಠಡಿಯೊಳಗೆ ಶಾಯಿ ಪೆನ್ನನ್ನು ಬಿಡುವುದಿಲ್ಲ.

ದಾಖಲೆ ಹಾಳೆಯಲ್ಲಿ ಕೃತಿಯ ಹೆಸರು, ಹೆಸರಿನ ಇತರ ರೂಪಗಳು, ಕರ್ತೃ, ವರ್ಷ, ಆ ವರ್ಷ ಯಾವುದರ ವರ್ಷ ಎಂಬ ವಿವರಣೆ, ಅಳತೆ ಅಥವಾ ಉದ್ದ, ಮಾಹಿತಿ ದೊರೆತ ಮೂಲ, ಹುಡುಕಿದ ದಿನಾಂಕ ಇಷ್ಟಕ್ಕೂ ಬೇರೆ ಬೇರೆ ಕಾಲಂಗಳಿರಲಿ. ಮೂಲದ ಕಾಲಂ ಖಾಲಿ ಇರುವ ಯಾವ ಸಾಲನ್ನೂ ಮುಂದಿನ ಹಂತಕ್ಕೆ ಒಯ್ಯಬೇಡಿ.

## ಹಂತ 1: ಹುಡುಕಾಟದ ಎಲ್ಲೆಯನ್ನು ಗೊತ್ತುಮಾಡಿ

‘ಐವತ್ತರ ದಶಕದ ಮರೆತ ಕೃತಿಗಳು’ ಎಂಬುದು ಹುಡುಕಾಟವಲ್ಲ, ಆಸೆ. ಒಂದು ಪ್ರಕಾರ, ಒಂದು ಭಾಷೆ ಅಥವಾ ಒಂದು ನಗರ, ಹೆಚ್ಚೆಂದರೆ ಹತ್ತು ವರ್ಷಗಳ ಅವಧಿ ಇಷ್ಟಕ್ಕೆ ಕಟ್ಟುಬೀಳಿ. ಎಲ್ಲೆ ಚಿಕ್ಕದಾದಷ್ಟೂ ಒಂದೇ ಪತ್ರಿಕೆಯ, ಒಂದೇ ಪ್ರಕಾಶನದ, ಒಂದೇ ಸ್ಟುಡಿಯೋದ ಕಾಗದಗಳು ಮತ್ತೆ ಮತ್ತೆ ಎದುರಾಗುತ್ತವೆ, ಮತ್ತು ಹೆಸರುಗಳು ಒಂದರ ಪಕ್ಕದಲ್ಲಿ ಇನ್ನೊಂದು ಕುಳಿತು ಅರ್ಥ ಕೊಡಲಾರಂಭಿಸುತ್ತವೆ.

## ಹಂತ 2: ಆ ಕಾಲದ ಕಾಗದದಿಂದಲೇ ಹೆಸರುಗಳನ್ನು ಎತ್ತಿಕೊಳ್ಳಿ

ಇಂದಿನ ‘ಶ್ರೇಷ್ಠ ನೂರು’ ಪಟ್ಟಿಗಳಿಂದ ಆರಂಭಿಸಿದರೆ ಮರೆತ ಕೃತಿ ಸಿಗುವುದಿಲ್ಲ. ಅಂಥ ಪಟ್ಟಿಯಲ್ಲಿ ಇರುವುದು ಮರೆಯದೆ ಉಳಿದದ್ದು ಮಾತ್ರ. ಆದ್ದರಿಂದ ಕೃತಿ ಹೊಸದಾಗಿದ್ದಾಗ ಅದರ ಬಗ್ಗೆ ಅಚ್ಚಾದ ಕಾಗದಕ್ಕೆ ಹೋಗಬೇಕು.

ಸಾಹಿತ್ಯದಲ್ಲಿ ಮೊದಲು ನೋಡಬೇಕಾದುದು ವಾರಪತ್ರಿಕೆ ಮತ್ತು ಮಾಸಪತ್ರಿಕೆಗಳ ವಿಮರ್ಶಾ ಪುಟಗಳನ್ನು. ‘ಸ್ವೀಕಾರ’ ಎಂಬ ತಲೆಬರಹದ ಕೆಳಗೆ ವಿಮರ್ಶೆಯಿಲ್ಲದೆ ಬರಿಯ ಹೆಸರುಗಳನ್ನು ಅಚ್ಚುಮಾಡಿದ ಪಟ್ಟಿಗಳನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ, ಆದರೆ ಅತ್ಯಂತ ಫಲವತ್ತಾದ ಜಾಗ ಅದೇ. ಎರಡನೆಯದಾಗಿ, ಆ ಕಾಲದ ಪುಸ್ತಕಗಳ ಕೊನೆಯ ಪುಟಗಳಲ್ಲಿ ಪ್ರಕಾಶಕರು ಹಾಕುತ್ತಿದ್ದ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಜಾಹೀರಾತು. ಅನುವಾದಗಳನ್ನು ಹುಡುಕುವವರಿಗೆ ಯುನೆಸ್ಕೋ 1948ರಿಂದ ವಾರ್ಷಿಕವಾಗಿ ಹೊರತಂದ ‘ಇಂಡೆಕ್ಸ್ ಟ್ರಾನ್ಸ್‌ಲೇಷನಮ್’ ಎಂಬ ಅನುವಾದ ಸೂಚಿ ನೆರವಾಗುತ್ತದೆ. ಆದರೆ ಅದರ ಅಂತರ್ಜಾಲ ಆವೃತ್ತಿಯಲ್ಲಿ ಇರುವುದು 1979ರ ನಂತರದ ನಮೂದುಗಳು; ಐವತ್ತರ ದಶಕದ ಅನುವಾದಕ್ಕೆ ಅಚ್ಚಾದ ಸಂಪುಟಗಳನ್ನೇ ತೆರೆಯಬೇಕು. ಅಂತರ್ಜಾಲದಲ್ಲಿ ನೋಡಿ ‘ಅನುವಾದವೇ ಆಗಿಲ್ಲ’ ಎಂದು ಬರೆಯುವುದು ಈ ಹಂತದ ಮಾಮೂಲಿ ತಪ್ಪು.

ಸಿನಿಮಾಗಳಿಗೆ ಚಿತ್ರೋತ್ಸವಗಳ ಕಾರ್ಯಕ್ರಮ ಪುಸ್ತಿಕೆಗಳನ್ನು ನೋಡಿ. ಕಾನ್ ಮತ್ತು ಕಾರ್ಲೊವಿ ವಾರಿ ಉತ್ಸವಗಳು 1946ರಲ್ಲಿ, ಬರ್ಲಿನ್ ಉತ್ಸವ 1951ರಲ್ಲಿ ಆರಂಭವಾದವು. ಪ್ರಶಸ್ತಿ ಗೆದ್ದ ಚಿತ್ರದ ಹೆಸರು ಎಲ್ಲರಿಗೂ ಗೊತ್ತು, ಅದರೊಡನೆ ಸ್ಪರ್ಧಿಸಿ ಬರಿಗೈಯಲ್ಲಿ ಮರಳಿದ ಚಿತ್ರಗಳ ಪಟ್ಟಿಯೇ ನಿಮಗೆ ಬೇಕಾದದ್ದು. ಚಿತ್ರಕಲೆಗೆ ಇದೇ ಕೆಲಸವನ್ನು ಸಾವೊ ಪಾವ್ಲೊ ಬಿನಾಲೆ (1951ರಿಂದ), ಕಾಸೆಲ್ ನಗರದ ಡಾಕ್ಯುಮೆಂಟಾ (1955ರಿಂದ) ಮುಂತಾದ ಪ್ರದರ್ಶನಗಳ ಕ್ಯಾಟಲಾಗ್‌ಗಳು ಮಾಡುತ್ತವೆ. ಗುಂಪು ಪ್ರದರ್ಶನಗಳ ಕ್ಯಾಟಲಾಗ್‌ನಲ್ಲಿ ಚಿತ್ರ ಅಚ್ಚಾಗದೆ ಬರಿಯ ಹೆಸರು, ಮಾಧ್ಯಮ, ಅಳತೆ ಇರುವ ಸಾಲುಗಳನ್ನು ಬಿಡಬೇಡಿ.

ಎಚ್ಚರಿಕೆಯ ಲಕ್ಷಣ: ಒಂದು ಕೃತಿಯ ಬಗ್ಗೆ ಸಿಗುವ ಎಲ್ಲ ಬರಹಗಳೂ ಒಂದೇ ವಾಕ್ಯವನ್ನು ಸ್ವಲ್ಪ ಬದಲಿಸಿ ಹೇಳುತ್ತಿದ್ದರೆ ನಿಮ್ಮ ಬಳಿ ಇರುವುದು ಹಲವು ಮೂಲಗಳಲ್ಲ, ಒಂದೇ ಮೂಲದ ಹಲವು ನಕಲುಗಳು. ಆ ಕೃತಿಗೆ ಸಮಕಾಲೀನವಾದ ಒಂದಾದರೂ ಉಲ್ಲೇಖ ದೊರೆಯುವವರೆಗೆ ಅದನ್ನು ‘ಸಂದೇಹ’ ಎಂದೇ ಗುರುತಿಸಿಡಿ.

## ಹಂತ 3: ಕೃತಿಯ ಗುರುತನ್ನು ಖಚಿತಪಡಿಸಿ

ಇಡೀ ಕೆಲಸದ ಬೆನ್ನೆಲುಬು ಈ ಹಂತ, ಮತ್ತು ಹೆಚ್ಚು ಮಂದಿ ಬಿಟ್ಟುಬಿಡುವುದೂ ಇದನ್ನೇ.

ಹೆಸರಿನ ರೂಪಗಳು. ಒಬ್ಬ ಲೇಖಕಿ ಮದುವೆಗೆ ಮುಂಚೆ ಒಂದು ಹೆಸರಿನಲ್ಲಿ, ಆಮೇಲೆ ಇನ್ನೊಂದರಲ್ಲಿ, ಪತ್ರಿಕೆಯಲ್ಲಿ ಕಾವ್ಯನಾಮದಲ್ಲಿ ಬರೆದಿರಬಹುದು. ಬೇರೆ ಲಿಪಿಯ ಹೆಸರುಗಳನ್ನು ರೋಮನ್ ಲಿಪಿಗೆ ತಂದಾಗ ಒಬ್ಬರಿಗೇ ನಾಲ್ಕಾರು ಕಾಗುಣಿತಗಳು ಹುಟ್ಟಿಕೊಳ್ಳುತ್ತವೆ. ಲೇಖಕರ ಹೆಸರಿನ ರೂಪಗಳನ್ನು ಒಂದೆಡೆ ಕೂಡಿಸುವ ‘ವಯಾಫ್’ ಮತ್ತು ಕಲಾವಿದರಿಗಾಗಿ ಗೆಟ್ಟಿ ಸಂಸ್ಥೆ ಸಿದ್ಧಪಡಿಸಿರುವ ‘ಯುಲಾನ್’ ಎಂಬ ಹೆಸರುಪಟ್ಟಿ ಎರಡೂ ಉಚಿತವಾಗಿ ಲಭ್ಯ. ಅಲ್ಲಿನ ಎಲ್ಲ ರೂಪಗಳನ್ನೂ ಹಾಳೆಗೆ ಇಳಿಸಿಕೊಂಡ ಮೇಲೆಯೇ ಗ್ರಂಥಾಲಯ ಸೂಚಿಗಳ ಕಡೆ ತಿರುಗಬೇಕು.

ವರ್ಷ. ಸಿನಿಮಾಕ್ಕೆ ಚಿತ್ರೀಕರಣ ಮುಗಿದ ವರ್ಷ, ಸೆನ್ಸಾರ್ ಆದ ವರ್ಷ, ಬಿಡುಗಡೆಯಾದ ವರ್ಷ ಎಂದು ಮೂರು ವರ್ಷಗಳಿರಬಹುದು. ಕಾದಂಬರಿ ಧಾರಾವಾಹಿಯಾಗಿ ಬಂದ ವರ್ಷ ಬೇರೆ, ಪುಸ್ತಕವಾದ ವರ್ಷ ಬೇರೆ. ಚಿತ್ರಪಟದ ಮೇಲೆ ಸಹಿಯೊಡನೆ ಇರುವ ವರ್ಷವನ್ನು ಕಲಾವಿದರು ಎಷ್ಟೋ ಕಾಲದ ನಂತರ ಬರೆದಿರುವುದೂ ಉಂಟು. ಇವುಗಳಲ್ಲಿ ಯಾವ ವರ್ಷ ಎಂದು ತಿಳಿಸದ ಮಾಹಿತಿಯನ್ನು ಅರ್ಧ ಮಾಹಿತಿ ಎಂದೇ ಎಣಿಸಿ. ಸ್ಕ್ಯಾನ್ ಮಾಡಿದ ಪತ್ರಿಕೆಗಳಲ್ಲಿ ಇನ್ನೊಂದು ಬಲೆ ಇದೆ: ಪತ್ರಿಕೆ ಆರಂಭವಾದ ವರ್ಷವನ್ನೇ ಎಲ್ಲ ಸಂಪುಟಗಳಿಗೂ ಅಂಟಿಸಿರುತ್ತಾರೆ. ಹುಡುಕಾಟದ ಫಲಿತಾಂಶ ತೋರಿಸುವ ವರ್ಷವನ್ನು ನಂಬದೆ ಪುಟದ ಮೇಲೆ ಅಚ್ಚಾಗಿರುವ ಸಂಚಿಕೆಯ ದಿನಾಂಕವನ್ನೇ ಬರೆದುಕೊಳ್ಳಿ.

ಶೀರ್ಷಿಕೆ. ರಫ್ತಾದ ಸಿನಿಮಾಗಳು ಒಂದೊಂದು ದೇಶದಲ್ಲಿ ಒಂದೊಂದು ಹೆಸರಿನಲ್ಲಿ ಓಡಿರುತ್ತವೆ. ಅಮೂರ್ತ ಚಿತ್ರಕಲೆಯ ಕಾಲದಲ್ಲಂತೂ ‘ಸಂಯೋಜನೆ’, ‘ಶೀರ್ಷಿಕೆಯಿಲ್ಲ’ ಎಂಬ ಹೆಸರಿನ ಸಾವಿರಾರು ಚಿತ್ರಗಳಿರುವುದರಿಂದ ಶೀರ್ಷಿಕೆ ಹೆಚ್ಚುಕಡಿಮೆ ನಿಷ್ಪ್ರಯೋಜಕ. ಅಲ್ಲಿ ಗುರುತು ನಿಲ್ಲುವುದು ವರ್ಷ, ಮಾಧ್ಯಮ ಮತ್ತು ಅಳತೆಯ ಮೇಲೆ. ಅಳತೆಯನ್ನು ಹೋಲಿಸುವಾಗ ಎತ್ತರ ಮೊದಲೋ ಅಗಲ ಮೊದಲೋ, ಅಂಗುಲವೋ ಸೆಂಟಿಮೀಟರೋ, ಚೌಕಟ್ಟು ಸೇರಿಯೋ ಸೇರದೆಯೋ ಎಂಬುದನ್ನು ನೋಡದಿದ್ದರೆ ಒಂದೇ ಚಿತ್ರ ಎರಡಾಗಿ ಕಾಣುತ್ತದೆ.

ಐಎಸ್‌ಬಿಎನ್ ಬಲೆ. ಬ್ರಿಟನ್ನಿನ ಒಂಬತ್ತಂಕಿಯ ಪುಸ್ತಕ ಸಂಖ್ಯೆ ಬಂದದ್ದು 1967ರಲ್ಲಿ, ಅದು ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಹಾಗಾಗಿ ನಿಮ್ಮ ಅವಧಿಯ ಯಾವ ಪುಸ್ತಕದ ಮೊದಲ ಮುದ್ರಣದಲ್ಲಿಯೂ ಈ ಸಂಖ್ಯೆ ಇರುವುದಿಲ್ಲ. ಸಂಖ್ಯೆ ಹಾಕಿ ಹುಡುಕಿದರೆ ಮರುಮುದ್ರಣಗಳು ಮಾತ್ರ ಸಿಗುತ್ತವೆ, ಮರುಮುದ್ರಣವಾಗದ ಪುಸ್ತಕ ಇಲ್ಲವೆಂದೇ ತೋರುತ್ತದೆ.

## ಹಂತ 4: ಪ್ರತಿ ಎಲ್ಲಿದೆ ಎಂದು ಪತ್ತೆಹಚ್ಚಿ

ಪುಸ್ತಕ. ಮೊದಲು ಜಗತ್ತಿನ ಗ್ರಂಥಾಲಯಗಳ ಕೂಡುಸೂಚಿಯಾದ ‘ವರ್ಲ್ಡ್‌ಕ್ಯಾಟ್’, ನಂತರ ಆ ಭಾಷೆಯ ರಾಷ್ಟ್ರೀಯ ಗ್ರಂಥಾಲಯದ ಸೂಚಿ, ಆಮೇಲೆ ಸ್ಕ್ಯಾನ್ ಮಾಡಿದ ಪುಸ್ತಕಗಳ ಅಂತರ್ಜಾಲ ಭಂಡಾರಗಳಾದ ಇಂಟರ್ನೆಟ್ ಆರ್ಕೈವ್ ಮತ್ತು ಹಾಥಿಟ್ರಸ್ಟ್. ಕೊನೆಯ ಎರಡರಲ್ಲಿ ಪುಸ್ತಕವಿದ್ದೂ ಸಿಗದಿರುವುದಕ್ಕೆ ಮುಖ್ಯ ಕಾರಣ ಯಂತ್ರದ ಅಕ್ಷರ ಓದು. ಹಳೆಯ ಮೊಳೆಯಚ್ಚಿನ ಕನ್ನಡ, ತಮಿಳು, ಬಂಗಾಳಿಯಂಥ ಲಿಪಿಗಳನ್ನು ಅದು ಇಂದಿಗೂ ತಪ್ಪುತಪ್ಪಾಗಿಯೇ ಓದುತ್ತದೆ. ಪೂರ್ತಿ ಶೀರ್ಷಿಕೆಯ ಬದಲು ಅದರ ಒಂದೊಂದೇ ಪದ, ಪ್ರಕಾಶಕರ ಹೆಸರು, ಮುದ್ರಣಾಲಯದ ಹೆಸರು ಹೀಗೆ ಬೇರೆ ಬೇರೆ ಬಾಗಿಲು ತಟ್ಟಬೇಕು.

ಸಿನಿಮಾ. ಜಗತ್ತಿನ ಚಲನಚಿತ್ರ ಸಂಗ್ರಹಾಗಾರಗಳ ಒಕ್ಕೂಟವಾದ ಫಿಯಾಫ್ 1938ರಿಂದ ಇದೆ. ಅದರ ಸದಸ್ಯ ಸಂಸ್ಥೆಗಳ ಪಟ್ಟಿಯಿಂದ ಚಿತ್ರ ತಯಾರಾದ ದೇಶದ ಸಂಗ್ರಹಾಗಾರವನ್ನು ಮೊದಲು ಹಿಡಿಯಿರಿ. ಅಲ್ಲಿ ಇಲ್ಲದಿದ್ದರೆ ಆ ಚಿತ್ರ ರಫ್ತಾಗಿದ್ದ ದೇಶಗಳ ಕಡೆಗೆ ತಿರುಗಿ. ತಾಯ್ನಾಡಿನಲ್ಲಿ ನಾಶವಾದ ಚಿತ್ರ ಪರದೇಶದ ವಿತರಕರು ಮರಳಿಸದೆ ಉಳಿಸಿಕೊಂಡ ಪ್ರಿಂಟ್‌ನಲ್ಲಿ ಸಿಕ್ಕಿರುವುದು ಅಪರೂಪವಲ್ಲ. ಪತ್ರ ಬರೆಯುವಾಗ ‘ನಿಮ್ಮಲ್ಲಿ ಈ ಚಿತ್ರ ಇದೆಯೇ’ ಎಂದಷ್ಟೇ ಕೇಳಿದರೆ ಉತ್ತರವೂ ಅಷ್ಟೇ ಚುಟುಕಾಗಿರುತ್ತದೆ. ಮೂಲ ಶೀರ್ಷಿಕೆ, ರಫ್ತಿನ ಶೀರ್ಷಿಕೆಗಳು, ನಿರ್ದೇಶಕ, ನಿರ್ಮಾಣ ಸಂಸ್ಥೆ, ವರ್ಷ, ಉದ್ದ ಇಷ್ಟನ್ನೂ ಕೊಟ್ಟು, ಅವರಲ್ಲಿರುವುದು ನೆಗೆಟಿವೋ ಪ್ರಿಂಟೋ, ಎಷ್ಟು ಮಿಲಿಮೀಟರಿನದು, ಎಷ್ಟು ರೀಲು, ಸಾರ್ವಜನಿಕರು ನೋಡಬಹುದಾದ ವೀಕ್ಷಣಾ ಪ್ರತಿ ಇದೆಯೇ ಎಂದು ವಿಂಗಡಿಸಿ ಕೇಳಿ. ಸಂರಕ್ಷಣಾ ಪ್ರತಿ ಇರುವುದಕ್ಕೂ ವೀಕ್ಷಣಾ ಪ್ರತಿ ಇರುವುದಕ್ಕೂ ಬಹಳ ವ್ಯತ್ಯಾಸವಿದೆ.

ಚಿತ್ರಪಟ. ಕಲಾವಿದರ ಸಮಗ್ರ ಕೃತಿಪಟ್ಟಿ ಪ್ರಕಟವಾಗಿದ್ದರೆ ಅದರಿಂದ ಆರಂಭಿಸಿ. ಇಲ್ಲದಿದ್ದಾಗ ಹಂತ 2ರ ಪ್ರದರ್ಶನ ಕ್ಯಾಟಲಾಗ್‌ನಲ್ಲಿರುವ ‘ಇವರ ಸಂಗ್ರಹದಿಂದ’ ಎಂಬ ಸಾಲೇ ದಾರಿ. ವಸ್ತುಸಂಗ್ರಹಾಲಯಗಳು ತಮ್ಮಲ್ಲಿರುವುದರಲ್ಲಿ ಸ್ವಲ್ಪವನ್ನು ಮಾತ್ರ ಗೋಡೆಗೆ ತೂಗುಹಾಕುತ್ತವೆ. ಉಳಿದದ್ದು ದಾಸ್ತಾನಿನಲ್ಲಿರುತ್ತದೆ, ಮತ್ತು ಎಷ್ಟೋ ಕಡೆ ಮುಂಚಿತವಾಗಿ ಬರೆದು ಸಮಯ ಪಡೆದರೆ ಅದನ್ನೂ ತೋರಿಸುತ್ತಾರೆ. ಕೇಳಬೇಕಾದ ಮುಖ್ಯ ವಸ್ತು ಚಿತ್ರದ ಬೆನ್ನಿನ ಛಾಯಾಚಿತ್ರ. ಗ್ಯಾಲರಿಗಳ ಚೀಟಿ, ಪ್ರದರ್ಶನದ ಕ್ರಮಸಂಖ್ಯೆ, ಸಾಗಣೆಯ ಮುದ್ರೆ, ಕಲಾವಿದರ ಕೈಬರಹ ಎಲ್ಲ ಇರುವುದು ಹಿಂಭಾಗದಲ್ಲಿ. ಮುಂಭಾಗವನ್ನಷ್ಟೇ ನೋಡಿ ಚಿತ್ರವನ್ನು ಗುರುತಿಸಿದೆನೆಂದು ಹೇಳುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

## ಹಂತ 5: ಸಿಕ್ಕಿದ್ದು ಪೂರ್ಣ ಪ್ರತಿಯೇ ಎಂದು ಪರೀಕ್ಷಿಸಿ

ಕೃತಿ ಸಿಕ್ಕಿತೆಂಬ ಸಂತೋಷದಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ. ಕತ್ತರಿಸಿದ, ಸಂಕ್ಷೇಪಿಸಿದ, ಬಣ್ಣಗೆಟ್ಟ ಪ್ರತಿಯನ್ನು ನೋಡಿ ಕೃತಿಯೇ ಸಾಧಾರಣವೆಂದು ತೀರ್ಪು ಕೊಡುವುದು ಹೀಗೆ.

ಸಿನಿಮಾದ ಉದ್ದ. ಹಳೆಯ ಪುಸ್ತಿಕೆಗಳಲ್ಲಿ ಮತ್ತು ಸೆನ್ಸಾರ್ ದಾಖಲೆಗಳಲ್ಲಿ ಉದ್ದವನ್ನು ಅಡಿ ಅಥವಾ ಮೀಟರಿನಲ್ಲಿ ಕೊಟ್ಟಿರುತ್ತಾರೆ. ಸೆಕೆಂಡಿಗೆ 24 ಚೌಕದ (ಫ್ರೇಮಿನ) ವೇಗದಲ್ಲಿ 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ, 16 ಮಿ.ಮೀ. ಆದರೆ ನಿಮಿಷಕ್ಕೆ 36 ಅಡಿ. ದಾಖಲೆಯಲ್ಲಿ 9,000 ಅಡಿ ಎಂದಿದ್ದರೆ ಚಿತ್ರ 100 ನಿಮಿಷದ್ದು. ನಿಮ್ಮ ಪ್ರತಿ 96 ನಿಮಿಷವಿದ್ದರೆ ಗಾಬರಿಯಾಗಬೇಡಿ: ಸೆಕೆಂಡಿಗೆ 25 ಚೌಕದ ಟಿವಿ ಪದ್ಧತಿಗೆ ವರ್ಗಾಯಿಸಿದಾಗ ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ, ಏನೂ ಕತ್ತರಿಸಿಲ್ಲ. ಪ್ರತಿ 80 ನಿಮಿಷವಿದ್ದರೆ ಮಾತ್ರ ಬೇರೆ ವಿಷಯ. ಹತ್ತು ಅಥವಾ ಇಪ್ಪತ್ತು ನಿಮಿಷದ (ಅಂದರೆ ಒಂದು ರೀಲಿನಷ್ಟು) ಹತ್ತಿರದ ಕೊರತೆ ಒಂದೇ ಜಾಗದಲ್ಲಿ ಬಂದು ಕತೆ ಅಲ್ಲಿ ಜಿಗಿದರೆ ಇಡೀ ರೀಲೇ ಕಾಣೆಯಾಗಿರಬಹುದು. ಕೊರತೆ ಅಲ್ಲಲ್ಲಿ ಚದುರಿದ್ದರೆ ಅದು ಸೆನ್ಸಾರಿನ ಅಥವಾ ವಿತರಕರ ಕತ್ತರಿ.

ಕಾಣೆಯಾದ ರೀಲು ಬೇರೆ ಗುಣಮಟ್ಟದ ಪ್ರತಿಯಲ್ಲಿ ಸಿಗುವುದೂ ಉಂಟು. ದಕ್ಷಿಣ ಕೊರಿಯಾದಲ್ಲಿ ಕಿಮ್ ಕಿ-ಯಂಗ್ 1960ರಲ್ಲಿ ನಿರ್ದೇಶಿಸಿದ ‘ಹನ್ಯೊ’ ಚಿತ್ರದ ಮೂಲ ನೆಗೆಟಿವ್‌ನಲ್ಲಿ ಎರಡು ರೀಲುಗಳಿರಲಿಲ್ಲ. 1990ರಲ್ಲಿ ದೊರೆತ ಪ್ರಿಂಟ್‌ನಲ್ಲಿ ಅವು ಇದ್ದವು, ಆದರೆ ಚೌಕದ ಮೇಲೆ ಕೈಬರಹದ ಇಂಗ್ಲಿಷ್ ಸಬ್‌ಟೈಟಲ್‌ಗಳಿದ್ದವು. 2008ರ ಪುನರುಜ್ಜೀವನದಲ್ಲಿ ಅವುಗಳನ್ನು ಡಿಜಿಟಲ್ ವಿಧಾನದಲ್ಲಿ ಅಳಿಸಬೇಕಾಯಿತು. ಆದ್ದರಿಂದ ಪ್ರತಿಯ ನಡುವೆ ಗುಣಮಟ್ಟ ಹಠಾತ್ತನೆ ಬದಲಾದರೆ ಅದನ್ನು ದೋಷವೆಂದು ತಳ್ಳಿಹಾಕದೆ ಎಷ್ಟನೆಯ ನಿಮಿಷದಲ್ಲೆಂದು ಬರೆದಿಟ್ಟುಕೊಳ್ಳಿ.

ಚೌಕಟ್ಟು ಮತ್ತು ಬಣ್ಣ. 1953ರಲ್ಲಿ ಸಿನಿಮಾಸ್ಕೋಪ್ ಬಂದ ಮೇಲಿನ ಅಗಲ ಪರದೆಯ ಚಿತ್ರಗಳನ್ನು ಹಳೆಯ ಟಿವಿಗೆ ಹೊಂದಿಸುವಾಗ ದೃಶ್ಯದ ಸುಮಾರು ಐದರಲ್ಲಿ ಎರಡು ಪಾಲು ಹೊರಗೆ ಹೋಗುತ್ತಿತ್ತು. ಇಂದು ನಡೆಯುವುದು ಇದರ ತಿರುಗುಮುರುಗು: ಚೌಕಾಕಾರದ ಹಳೆಯ ಚಿತ್ರವನ್ನು ಅಗಲ ಪರದೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸುತ್ತಾರೆ. ಪಾತ್ರಗಳ ನೆತ್ತಿ ಪದೇ ಪದೇ ಕಾಣದಿದ್ದರೆ, ಮೂಗು ಮಾತ್ರ ಅಂಚಿನಲ್ಲಿ ಇಣುಕಿದರೆ ಆ ಪ್ರತಿಯನ್ನು ಬದಿಗಿಡಿ. 1950ರಲ್ಲಿ ಬಂದ ಈಸ್ಟ್‌ಮನ್ ಕಲರ್‌ನ ಹಳೆಯ ಪ್ರಿಂಟ್‌ಗಳಲ್ಲಿ ನೀಲಿಹಸಿರು ವರ್ಣ ಮೊದಲು ಮಾಸುವುದರಿಂದ ಇಡೀ ಚಿತ್ರ ನಸುಗೆಂಪಾಗುತ್ತದೆ. ಅದನ್ನು ನಿರ್ದೇಶಕರ ಆಯ್ಕೆಯೆಂದು ವ್ಯಾಖ್ಯಾನಿಸಿದ ಬರಹಗಳೂ ಕಾಣಸಿಗುತ್ತವೆ.

ಪುಸ್ತಕ. ಧಾರಾವಾಹಿಯ ಕಂತುಗಳನ್ನು ಪುಸ್ತಕದ ಅಧ್ಯಾಯಗಳೊಡನೆ, ಮೊದಲ ಮುದ್ರಣದ ಪುಟಸಂಖ್ಯೆಯನ್ನು ಮರುಮುದ್ರಣದ ಪುಟಸಂಖ್ಯೆಯೊಡನೆ ಹೋಲಿಸಿ ನೋಡಿ. ಅನುವಾದಗಳಲ್ಲಿ ‘ಸಂಗ್ರಹಾನುವಾದ’ ಎಂದು ಹೇಳದೆಯೇ ಅಧ್ಯಾಯಗಳನ್ನು ಕೈಬಿಟ್ಟಿರುವುದುಂಟು. ಮೂಲ ಭಾಷೆ ಬರದಿದ್ದರೂ ಅಧ್ಯಾಯಗಳ ಸಂಖ್ಯೆಯನ್ನು ಎಣಿಸಲು ಯಾರಿಗಾದರೂ ಸಾಧ್ಯ.

## ಹಂತ 6: ಮೂಲ ವಸ್ತುವನ್ನು ಮುಟ್ಟುವ ಮೊದಲು

ಮನೆಯ ಅಟ್ಟದಿಂದಲೋ ಮುಚ್ಚಿದ ಚಿತ್ರಮಂದಿರದಿಂದಲೋ ಮೂಲ ವಸ್ತುವೇ ಕೈಗೆ ಬಂದರೆ ಆತುರ ಅಪಾಯಕಾರಿ, ಸಿನಿಮಾ ಫಿಲ್ಮ್‌ನ ವಿಷಯದಲ್ಲಿ ಅಕ್ಷರಶಃ ಅಪಾಯಕಾರಿ. 1950ರ ದಶಕದ ಆರಂಭದವರೆಗಿನ 35 ಮಿ.ಮೀ. ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಬಗೆಯದಾಗಿರಬಹುದು. ಹೊತ್ತಿಕೊಂಡರೆ ಅದು ತಾನೇ ಆಮ್ಲಜನಕವನ್ನು ಒದಗಿಸಿಕೊಂಡು ಉರಿಯುವುದರಿಂದ ನೀರಿನೊಳಗೂ ಆರುವುದಿಲ್ಲ. ಅಂಚಿನಲ್ಲಿ ‘ಸೇಫ್ಟಿ’ ಎಂದಿದ್ದರೆ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ನಕಲು ತೆಗೆಯುವಾಗ ಮೂಲದ ಅಂಚಿನ ಬರಹವೂ ಹೊಸ ಫಿಲ್ಮ್‌ಗೆ ಇಳಿದುಬಿಡುತ್ತದೆ. ಅಂಟಂಟಾಗಿದ್ದರೆ, ಕಂದು ಪುಡಿ ಉದುರುತ್ತಿದ್ದರೆ, ಕಟುವಾಸನೆ ಬಂದರೆ ಬಿಚ್ಚಬೇಡಿ, ಪ್ರೊಜೆಕ್ಟರಿಗೆ ಏರಿಸಬೇಡಿ, ಅಂಚೆಯಲ್ಲಿ ಕಳುಹಿಸಬೇಡಿ. ಬಿಸಿಲು ಮತ್ತು ಬೆಂಕಿಯಿಂದ ದೂರವಿಟ್ಟು ಸಂಗ್ರಹಾಗಾರಕ್ಕೆ ಸುದ್ದಿ ಮುಟ್ಟಿಸಿ.

ವಿನೆಗರ್ ವಾಸನೆ ಬರುವ ಫಿಲ್ಮ್ ಅಸಿಟೇಟ್‌ನದು, ಅಂದರೆ ‘ಸೇಫ್ಟಿ’ ಬಗೆಯದು. ಅದು ಸ್ಫೋಟಿಸುವುದಿಲ್ಲ, ಆದರೆ ಹೊರಸೂಸುವ ಆಮ್ಲ ಪಕ್ಕದ ಡಬ್ಬಿಗಳನ್ನೂ ಕೆಡಿಸುತ್ತದೆ. ಬೇರೆ ಕೋಣೆಯಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಎಷ್ಟು ಕೆಟ್ಟಿದೆ ಎಂದು ತಿಳಿಯಲು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಸೂಚಕ ಪಟ್ಟಿಗಳು ದೊರೆಯುತ್ತವೆ.

ಕೆಟ್ಟಿದೆಯೆಂದು ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸತ್ಯಜಿತ್ ರೇ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕವು. ಅಂದು ಕೆಲಸಕ್ಕೆ ಬಾರದೆಂದು ಕಂಡರೂ ಎತ್ತಿಟ್ಟ ಆ ಸುಟ್ಟ ರೀಲುಗಳಲ್ಲಿ ಸಾಕಷ್ಟು ಭಾಗವನ್ನು ಇಟಲಿಯ ಬೊಲೊನ್ಯಾದ ತಜ್ಞರು ಮೆದುಗೊಳಿಸಿ, ಕೈಯಿಂದ ದುರಸ್ತಿಮಾಡಿ, 2015ರಲ್ಲಿ ತೆರೆಗೆ ಬಂದ ಪ್ರತಿಗೆ ಬಳಸಿದರು.

ಕಾಗದಕ್ಕೆ ನಿಯಮ ಸರಳ: ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ. ಮರದ ತಿರುಳಿನ ಆಮ್ಲೀಯ ಕಾಗದ ಹಪ್ಪಳದಂತೆ ಮುರಿಯುವುದರಿಂದ ಪುಸ್ತಕವನ್ನು ಪೂರ್ತಿ ಮಲಗಿಸಿ ಸ್ಕ್ಯಾನರಿಗೆ ಒತ್ತದೆ, ಅರ್ಧ ತೆರೆದು ಮೇಲಿನಿಂದ ಚಿತ್ರ ತೆಗೆಯಬೇಕು. ಮೊದಲು ಚಿತ್ರ ತೆಗೆಯಬೇಕಾದದ್ದು ಮುಖಪುಟವಲ್ಲ, ಮುದ್ರಣ ವಿವರದ ಪುಟ.

## ಹಂತ 7: ಹಕ್ಕುಗಳನ್ನು ತಿಳಿದುಕೊಳ್ಳಿ

ವಸ್ತುವಿನ ಒಡೆತನ ಬೇರೆ, ಕೃತಿಸ್ವಾಮ್ಯ ಬೇರೆ. ಛಾಯಾಗ್ರಾಹಕಿ ವಿವಿಯನ್ ಮೇಯರ್ ಅವರ ನೆಗೆಟಿವ್‌ಗಳನ್ನು 2007ರಲ್ಲಿ ಶಿಕಾಗೋದ ಹರಾಜಿನಲ್ಲಿ ಕೊಂಡವರಿಗೆ ನೆಗೆಟಿವ್‌ಗಳೇನೋ ಸೇರಿದವು, ಆದರೆ ಚಿತ್ರಗಳನ್ನು ಅಚ್ಚುಹಾಕಿ ಮಾರುವ ಹಕ್ಕು ಯಾರದೆಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು.

ಅವಧಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಡಂಬಡಿಕೆಯಾದ ಬರ್ನ್ ಒಪ್ಪಂದದ ಕನಿಷ್ಠ ಮಿತಿ ಕರ್ತೃವಿನ ಮರಣಾನಂತರ 50 ವರ್ಷ. ಭಾರತದಲ್ಲಿ 60, ಯುರೋಪಿಯನ್ ಒಕ್ಕೂಟದಲ್ಲಿ 70. ಭಾರತದಲ್ಲಿ ಸಿನಿಮಾಕ್ಕೆ ಪ್ರಕಟಣೆಯಿಂದ 60 ವರ್ಷ. ಅಮೆರಿಕದಲ್ಲಿ 1964ಕ್ಕೆ ಮೊದಲು ಪ್ರಕಟವಾದ ಕೃತಿಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು, ಹಾಗೆ ನವೀಕರಿಸದ ಅಮೆರಿಕನ್ ಪುಸ್ತಕಗಳು ಈಗ ಮುಕ್ತ. ಸಿನಿಮಾ ಮುಕ್ತವಾದರೂ ಅದರೊಳಗಿನ ಕತೆ ಅಥವಾ ಸಂಗೀತದ ಹಕ್ಕು ಉಳಿದಿರಬಹುದು. ಓದಲು ನೋಡಲು ಇದಾವುದೂ ಅಡ್ಡಿಯಲ್ಲ. ಮರುಪ್ರಕಟಿಸುವ ಅಥವಾ ಪ್ರದರ್ಶಿಸುವ ಮುನ್ನ ಮಾತ್ರ ವಕೀಲರನ್ನು ಕೇಳಿ.

## ಹಂತ 8: ಎರಡು ಸಲ ಓದಿ, ಎರಡು ಸಲ ನೋಡಿ

ಮೊದಲ ಸಲ ಟಿಪ್ಪಣಿಯಿಲ್ಲದೆ, ವಿಮರ್ಶೆಗಳನ್ನು ತೆರೆಯದೆ. ಎರಡನೆಯ ಸಲ ಹಂತ 2ರಲ್ಲಿ ಕೂಡಿಟ್ಟ ಸಮಕಾಲೀನ ಬರಹಗಳನ್ನು ಪಕ್ಕದಲ್ಲಿಟ್ಟುಕೊಂಡು. ಅಂದಿನ ವಿಮರ್ಶಕರು ಹೊಗಳಿದ್ದು ನಿಮಗೆ ಕಾಣದಿದ್ದರೆ ಅವರ ಅಭಿರುಚಿಯನ್ನು ಶಂಕಿಸುವ ಮೊದಲು ನಿಮ್ಮ ಪ್ರತಿಯನ್ನು ಶಂಕಿಸಿ, ಹಂತ 5ಕ್ಕೆ ಮರಳಿ.

## ಹಂತ 9: ಸಿಕ್ಕದ್ದನ್ನೂ ಸಿಗದ್ದನ್ನೂ ದಾಖಲಿಸಿ

ಸಿಕ್ಕ ಪ್ರತಿಯ ಸ್ಥಳ, ದಾಖಲೆ ಸಂಖ್ಯೆ, ಉದ್ದ ಅಥವಾ ಅಳತೆ, ಕೊರತೆಗಳು ಇಷ್ಟನ್ನು ಬರೆದು ಆ ಗ್ರಂಥಾಲಯಕ್ಕೋ ಸಂಗ್ರಹಾಗಾರಕ್ಕೋ ಕಳುಹಿಸಿ. ಸೂಚಿಯಲ್ಲಿರುವ ತಪ್ಪು ವರ್ಷ ಮತ್ತು ತಪ್ಪು ಕಾಗುಣಿತಗಳನ್ನು ಪುರಾವೆ ಸಹಿತ ತಿಳಿಸಿದರೆ ಅವರು ಸಾಮಾನ್ಯವಾಗಿ ಸರಿಪಡಿಸುತ್ತಾರೆ. ಸಿಗದ ಕೃತಿಗೆ ‘ನಾಶವಾಗಿದೆ’ ಎಂದು ಬರೆಯಬೇಡಿ. ಎಲ್ಲೆಲ್ಲಿ, ಯಾವ ಯಾವ ಹೆಸರಿನ ರೂಪದಲ್ಲಿ, ಯಾವ ದಿನ ಹುಡುಕಿದಿರಿ ಎಂಬುದನ್ನು ಬರೆಯಿರಿ. ಸೂಚಿಗಳಿಗೆ ಹೊಸ ನಮೂದುಗಳು ಸೇರುತ್ತಲೇ ಇರುವುದರಿಂದ ವರ್ಷಕ್ಕೊಮ್ಮೆ ಅದೇ ಪಟ್ಟಿಯನ್ನು ಹಿಡಿದು ಮತ್ತೆ ಹುಡುಕಬೇಕಾಗುತ್ತದೆ, ಮತ್ತು ಆಗ ಎಲ್ಲಿಂದ ಮುಂದುವರಿಯಬೇಕೆಂಬುದನ್ನು ಆ ದಿನಾಂಕಗಳೇ ತಿಳಿಸುತ್ತವೆ.